ಓಪನ್ ವರ್ಲ್ಡ್ ಫ್ಯಾಂಟಸಿ ಆರ್‌ಪಿಜಿಗಳಲ್ಲಿ ಮಿನಿ ಗೇಮ್‌ಗಳು ಮತ್ತು ಉಪಚಟುವಟಿಕೆಗಳು

ಓಪನ್ ವರ್ಲ್ಡ್ ಫ್ಯಾಂಟಸಿ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್) ವರ್ಗದ ವಿಡಿಯೊ ಗೇಮ್‌ಗಳಲ್ಲಿ ಮುಖ್ಯ ಕಥೆಯ ಹೊರಗೆ, ಸಾಮಾನ್ಯವಾಗಿ ಆಟಗಾರನ ಇಚ್ಛೆಗೆ ಬಿಟ್ಟ ಕಿರು ಆಟ, ಸ್ಪರ್ಧೆ, ಕಸುಬು ಮತ್ತು ಹುಡುಕಾಟಗಳನ್ನು ಒಟ್ಟಾಗಿ ಮಿನಿ ಗೇಮ್‌ಗಳು ಮತ್ತು ಉಪಚಟುವಟಿಕೆಗಳು ಎನ್ನಲಾಗುತ್ತದೆ. ರಾಕ್ಷಸರನ್ನು ಕೊಲ್ಲಲು ಹೊರಟ ವೀರ ದಾರಿಯಲ್ಲಿನ ಪಾನಗೃಹದಲ್ಲಿ ಕೂತು ಕಾರ್ಡ್ ಆಡುವುದು, ಹೊಳೆಗೆ ಗಾಳ ಹಾಕುವುದು, ಕುಲುಮೆಯಲ್ಲಿ ಕತ್ತಿ ಬಡಿಯುವುದು, ಕುದುರೆ ಪಂದ್ಯಕ್ಕೆ ಇಳಿಯುವುದು, ಬೆಟ್ಟದ ತುದಿಯಲ್ಲಿ ಬಚ್ಚಿಟ್ಟ ವಸ್ತು ಹುಡುಕುವುದು ಎಲ್ಲವೂ ಇದರೊಳಗೆ ಬರುತ್ತವೆ.

ಇವುಗಳಲ್ಲಿ ಕೆಲವು ಮುಖ್ಯ ಆಟದಷ್ಟೇ ಹೆಸರು ಮಾಡಿವೆ. 'ದ ವಿಚರ್ 3' ಗೇಮ್‌ನ ಕಾರ್ಡ್ ಆಟ 'ಗ್ವೆಂಟ್' ಮುಂದೆ ಸ್ವತಂತ್ರ ಗೇಮ್ ಆಗಿಯೇ ಬಿಡುಗಡೆಯಾಯಿತು.

ಪರಿಭಾಷೆ

ಈ ಲೇಖನದಲ್ಲಿ ಮಿನಿ ಗೇಮ್ ಎಂದರೆ ಮುಖ್ಯ ಆಟದಿಂದ ಬೇರೆಯಾದ ನಿಯಮಗಳೂ ತನ್ನದೇ ಸೋಲು ಗೆಲುವಿನ ಲೆಕ್ಕವೂ ಇರುವ ಕಿರು ಆಟ. ಬಹಳಷ್ಟು ಸಲ ಅದು ಬೇರೆಯೇ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಮುಖ್ಯ ಆಟದಲ್ಲಿ ಕತ್ತಿ ಬೀಸುವ ಗುಂಡಿ ಇಲ್ಲಿ ಕಾರ್ಡ್ ಇಳಿಸುವ ಗುಂಡಿಯಾಗಬಹುದು. ಉಪಚಟುವಟಿಕೆ ಮುಖ್ಯ ಆಟದ ನಿಯಮಗಳೊಳಗೇ ನಡೆಯುತ್ತದೆ. ಸೌದೆ ಒಡೆಯುವುದು, ಅದಿರು ಅಗೆಯುವುದು, ಗಿಡಮೂಲಿಕೆ ಕೀಳುವುದು, ಮನೆ ಕಟ್ಟುವುದು, ಬಚ್ಚಿಟ್ಟ ವಸ್ತುಗಳನ್ನು ಕೂಡಿಹಾಕುವುದು ಇದಕ್ಕೆ ಉದಾಹರಣೆ.

ಸೈಡ್ ಕ್ವೆಸ್ಟ್ ಎಂಬುದು ಇವೆರಡಕ್ಕಿಂತ ಭಿನ್ನ. ಅದು ತನ್ನದೇ ಪಾತ್ರ, ಸಂಭಾಷಣೆ, ಆದಿ ಅಂತ್ಯಗಳಿರುವ ಉಪಕಥೆ. ಆದರೆ ಗಡಿಗಳು ಗಟ್ಟಿಯಾಗಿಲ್ಲ: 'ದ ವಿಚರ್ 3'ರಲ್ಲಿ ನೊವಿಗ್ರಾಡ್ ನಗರದ ಗ್ವೆಂಟ್ ಪಂದ್ಯಾವಳಿ ಒಂದು ಸೈಡ್ ಕ್ವೆಸ್ಟ್, ಅದರೊಳಗೆ ಆಡುವುದು ಮಿನಿ ಗೇಮ್. ಬೀಗ ತೆರೆಯುವ ಮಿನಿ ಗೇಮ್ ಕೂಡ ಕೆಲವು ಕಡೆ ಐಚ್ಛಿಕವಾಗಿ ಉಳಿಯದೆ ಕಥೆಯ ದಾರಿಗೇ ಅಡ್ಡ ನಿಲ್ಲುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಆಟದೊಳಗೆ ಇನ್ನೊಂದು ಆಟ ಇಡುವ ರೂಢಿ ಆರ್‌ಪಿಜಿಗಳ ಆರಂಭದ ದಿನಗಳಿಂದಲೂ ಇದೆ. ರಿಚರ್ಡ್ ಗ್ಯಾರಿಯಟ್ ರಚಿಸಿದ 'ಅಲ್ಟಿಮಾ' ಸರಣಿಯ ಮೊದಲ ಭಾಗದಲ್ಲಿ (1981) ಕತ್ತಿ, ಮಂತ್ರಗಳ ಕಥೆಯ ನಡುವೆಯೇ ಬಾಹ್ಯಾಕಾಶ ನೌಕೆ ಹತ್ತಿ ಶತ್ರು ನೌಕೆಗಳನ್ನು ಹೊಡೆದುರುಳಿಸುವ ಭಾಗವೊಂದಿತ್ತು. ಅದನ್ನು ದಾಟದೆ ಕಥೆ ಮುಗಿಯುತ್ತಿರಲಿಲ್ಲ. ಐಚ್ಛಿಕ ಮನರಂಜನೆಯಾಗಿ ಮಿನಿ ಗೇಮ್ ಬೇರೂರಿದ್ದು ಜಪಾನಿನಲ್ಲಿ. 'ಡ್ರ್ಯಾಗನ್ ಕ್ವೆಸ್ಟ್ 3' (1988) ಗೇಮ್‌ನಲ್ಲಿ ರಾಕ್ಷಸರ ಕಾಳಗಕ್ಕೆ ಬಾಜಿ ಕಟ್ಟುವ ಕಣವಿತ್ತು. 1990ರ ನಾಲ್ಕನೇ ಭಾಗಕ್ಕೆ ಇಡೀ ಕ್ಯಾಸಿನೊ ಬಂತು. ಅಲ್ಲಿ ಗೆದ್ದ ನಾಣ್ಯ ಕೊಟ್ಟು ಅಪರೂಪದ ವಸ್ತುಗಳನ್ನು ಪಡೆಯಬಹುದಿತ್ತು.

ಉಪಚಟುವಟಿಕೆಗಳ ಪರಂಪರೆಗೆ ತಳಪಾಯ ಹಾಕಿದವುಗಳಲ್ಲಿ 'ಅಲ್ಟಿಮಾ 7' (1992) ಪ್ರಮುಖವಾದುದು. ಅದರಲ್ಲಿ ಹಿಟ್ಟಿಗೆ ನೀರು ಬೆರೆಸಿ ಕಣಕ ಮಾಡಿ, ಒಲೆಯ ಮೇಲಿಟ್ಟು ಬ್ರೆಡ್ ಬೇಯಿಸಬಹುದಿತ್ತು. ನೂಲು ತೆಗೆದು ಮಗ್ಗದಲ್ಲಿ ಬಟ್ಟೆ ನೇಯಬಹುದಿತ್ತು. ಇದಾವುದೂ ಕಥೆಗೆ ಅಗತ್ಯವಿರಲಿಲ್ಲ. 'ದ ಎಲ್ಡರ್ ಸ್ಕ್ರೋಲ್ಸ್' ಸರಣಿಯ ಎರಡನೇ ಭಾಗ 'ಡ್ಯಾಗರ್‌ಫಾಲ್' (1996) ಆಟಗಾರನಿಗೆ ಬ್ಯಾಂಕಿನಲ್ಲಿ ಸಾಲ ತೆಗೆಯುವ, ಮನೆ ಮತ್ತು ಹಡಗು ಕೊಳ್ಳುವ ಅವಕಾಶ ಕೊಟ್ಟಿತು. ಜರ್ಮನಿಯ 'ಗಾಥಿಕ್' (2001) ಗೇಮ್‌ನಲ್ಲಿ ಊರಿನ ಪಾತ್ರಗಳಿಗೆ ದಿನಚರಿಯಿತ್ತು. ಆಟಗಾರ ಅವರಂತೆಯೇ ಕಬ್ಬಿಣ ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿ, ಸಾಣೆ ಹಿಡಿದು ಕತ್ತಿ ತಯಾರಿಸಬಹುದಿತ್ತು.

ಇದೇ ಹೊತ್ತಿಗೆ ಆನ್‌ಲೈನ್ ಗೇಮ್‌ಗಳು ಕಸುಬನ್ನೇ ಆಟದ ಒಂದು ಮುಖ್ಯ ಭಾಗವಾಗಿಸಿದವು. 'ಅಲ್ಟಿಮಾ ಆನ್‌ಲೈನ್' (1997), 'ರೂನ್‌ಸ್ಕೇಪ್' (2001) ಮತ್ತು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' (2004) ಗೇಮ್‌ಗಳಲ್ಲಿ ಮೀನುಗಾರಿಕೆ, ಕಮ್ಮಾರಿಕೆ, ಅಡುಗೆ ಮುಂತಾದವಕ್ಕೆ ಪ್ರತ್ಯೇಕ ಕೌಶಲದ ಅಂಕಗಳಿದ್ದು, ತಯಾರಿಸಿದ ವಸ್ತುಗಳನ್ನು ಆಟಗಾರರು ತಮ್ಮತಮ್ಮಲ್ಲೇ ಮಾರಾಟ ಮಾಡುತ್ತಿದ್ದರು.

ಓಪನ್ ವರ್ಲ್ಡ್ ವರ್ಗಕ್ಕೆ ಪೂರ್ತಿ ಸೇರದಿದ್ದರೂ 'ಫೈನಲ್ ಫ್ಯಾಂಟಸಿ' ಸರಣಿಯ ಪ್ರಭಾವ ಇಲ್ಲಿ ದೊಡ್ಡದು. ಏಳನೇ ಭಾಗದ (1997) 'ಗೋಲ್ಡ್ ಸಾಸರ್' ಎಂಬ ಮನರಂಜನಾ ನಗರಿ ಹತ್ತಾರು ಆಟಗಳನ್ನು ಒಂದೇ ಸೂರಿನಡಿ ತಂದಿತು. ಎಂಟನೇ ಭಾಗದ (1999) 'ಟ್ರಿಪಲ್ ಟ್ರಯಾಡ್' ಕಾರ್ಡ್ ಆಟವನ್ನು ಲೋಕದ ತುಂಬ ಹರಡಿತು. ದಾರಿಹೋಕ ಪಾತ್ರಗಳೂ ಆಟಕ್ಕೆ ಸಿಗುತ್ತಿದ್ದರು. ಹತ್ತನೇ ಭಾಗದಲ್ಲಿ (2001) ನೀರೊಳಗೆ ಆಡುವ ಚೆಂಡಾಟ 'ಬ್ಲಿಟ್ಜ್‌ಬಾಲ್'ಗೆ ತಂಡ ಕಟ್ಟುವ, ಆಟಗಾರರನ್ನು ಸಂಬಳಕ್ಕೆ ಗೊತ್ತುಮಾಡಿಕೊಳ್ಳುವ ವ್ಯವಸ್ಥೆಯೇ ಇತ್ತು. 'ದ ಲೆಜೆಂಡ್ ಆಫ್ ಜೆಲ್ಡಾ: ಆಕರಿನಾ ಆಫ್ ಟೈಮ್' (1998) ಗೇಮ್‌ನ ಮೀನುಕೊಳ, ಮೂರು ಆಯಾಮದ ಲೋಕದಲ್ಲಿ ಗಾಳ ಹಾಕುವ ಆಟಕ್ಕೆ ಆರಂಭದ ಪ್ರಸಿದ್ಧ ಮಾದರಿ.

2004ರ 'ಫೇಬಲ್', 2006ರ 'ಆಬ್ಲಿವಿಯನ್', 2007ರ 'ದ ವಿಚರ್' ಮಿನಿ ಗೇಮ್ ಮತ್ತು ಉಪಚಟುವಟಿಕೆಗಳ ಈ ಎರಡು ಧಾರೆಗಳನ್ನು ಕೂಡಿಸಿದವು. 2011ರ 'ಸ್ಕೈರಿಮ್' ಮತ್ತು 2015ರ 'ದ ವಿಚರ್ 3' ಬಂದ ಮೇಲೆ ದೊಡ್ಡ ಬಜೆಟ್ಟಿನ ಓಪನ್ ವರ್ಲ್ಡ್ ಫ್ಯಾಂಟಸಿ ಗೇಮ್ ಎಂದರೆ ಉಪಚಟುವಟಿಕೆಗಳ ಉದ್ದ ಪಟ್ಟಿಯೂ ಇರುತ್ತದೆ ಎಂಬ ನಿರೀಕ್ಷೆ ಬೆಳೆಯಿತು.

ರಚನೆ

ಪ್ರಕಾರ ಯಾವುದೇ ಇರಲಿ, ಇವುಗಳ ರಚನೆಯಲ್ಲಿ ನಾಲ್ಕು ಅಂಗಗಳು ಕಾಣುತ್ತವೆ: ಪ್ರವೇಶ, ನಿಯಮ, ಪ್ರತಿಫಲ ಮತ್ತು ಕಾಲದ ನಿರ್ವಹಣೆ.

ಪ್ರವೇಶ ಬಹುಪಾಲು ಒಂದು ಜಾಗದ ಅಥವಾ ಪಾತ್ರದ ಮೂಲಕ ಆಗುತ್ತದೆ. ಕಮ್ಮಾರನ ಕುಲುಮೆ, ಪಾನಗೃಹದ ಮೇಜು, ಬೀಗ ಬಿದ್ದ ಪೆಟ್ಟಿಗೆ ಇವು ಬಾಗಿಲುಗಳು. ನಕ್ಷೆಯ ಮೇಲಿನ ಗುರುತುಗಳೂ ಇದೇ ಕೆಲಸ ಮಾಡುತ್ತವೆ. 'ದ ವಿಚರ್ 3'ರ ನಕ್ಷೆಯಲ್ಲಿ ಇನ್ನೂ ನೋಡದ ತಾಣಗಳು ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತವೆ.

ನಿಯಮಗಳು ಕೆಲವೇ ನಿಮಿಷಗಳಲ್ಲಿ ತಿಳಿಯುವಂತಿರಬೇಕಾಗುತ್ತದೆ, ಏಕೆಂದರೆ ಆಟಗಾರ ಬಂದಿರುವುದು ಬೇರೊಂದು ಆಟಕ್ಕೆ. ಟ್ರಿಪಲ್ ಟ್ರಯಾಡ್‌ನಲ್ಲಿ 9 ಮನೆಗಳ ಪಟ, ಇಬ್ಬರಿಗೂ ತಲಾ 5 ಕಾರ್ಡ್, ಪ್ರತಿ ಕಾರ್ಡ್‌ನ ನಾಲ್ಕು ಬದಿಗೂ ಒಂದೊಂದು ಬೆಲೆ. ಪಕ್ಕದ ಕಾರ್ಡ್‌ನ ಎದುರು ಬದಿಗಿಂತ ಹೆಚ್ಚಿನ ಬೆಲೆಯಿದ್ದರೆ ಅದು ಕೈವಶವಾಗುತ್ತದೆ. ಮೂಲ ನಿಯಮ ಇಷ್ಟೇ. ಊರಿಂದೂರಿಗೆ ಸೇರುವ ಸ್ಥಳೀಯ ನಿಯಮಗಳು ಆಟವನ್ನು ಕ್ಲಿಷ್ಟವಾಗಿಸುತ್ತವೆ.

ಮಿನಿ ಗೇಮ್ ಮುಖ್ಯ ಆಟಕ್ಕೆ ಅಂಟಿಕೊಳ್ಳುವುದು ಪ್ರತಿಫಲದ ಮೂಲಕ. ಟ್ರಿಪಲ್ ಟ್ರಯಾಡ್‌ನಲ್ಲಿ ಗೆದ್ದ ಕಾರ್ಡ್‌ಗಳನ್ನು ಕರಗಿಸಿ ಕಾಳಗಕ್ಕೆ ಬೇಕಾದ ವಸ್ತುಗಳಾಗಿ ಪರಿವರ್ತಿಸಬಹುದು. ಹೀಗಾಗಿ ಕಾರ್ಡ್ ಆಟದ ನಿಪುಣ ಕಥೆಯ ಆರಂಭದಲ್ಲೇ ಬಲಶಾಲಿಯಾಗಬಲ್ಲ. 'ಫೈನಲ್ ಫ್ಯಾಂಟಸಿ 7'ರಲ್ಲಿ ಚೊಕೊಬೊ ಎಂಬ ಸವಾರಿ ಹಕ್ಕಿಗಳನ್ನು ಸಾಕಿ, ತಳಿ ಬೆಳೆಸಿ, ಚಿನ್ನದ ಬಣ್ಣದ ಹಕ್ಕಿ ಪಡೆದವರು ದೂರದ ದ್ವೀಪವೊಂದನ್ನು ತಲುಪಿ ಆ ಗೇಮ್‌ನ ಅತಿ ಪ್ರಬಲ ಮಂತ್ರಗಳಲ್ಲಿ ಒಂದನ್ನು ಗಳಿಸುತ್ತಾರೆ. ಗೋಲ್ಡ್ ಸಾಸರ್‌ನ ಆಟಗಳಿಗೋ ಪ್ರತ್ಯೇಕ ಅಂಕಗಳ ನಾಣ್ಯವಿದ್ದು, ಅದು ಹೊರಗಿನ ಪೇಟೆಯಲ್ಲಿ ಚಲಾವಣೆಯಾಗುವುದಿಲ್ಲ.

ಕಾಲದ ವಿಚಾರದಲ್ಲಿ ಎರಡು ಪದ್ಧತಿಗಳಿವೆ. ಸ್ಕೈರಿಮ್‌ನಲ್ಲಿ ಬೀಗ ತೆರೆಯುವಾಗ ಸುತ್ತಲಿನ ಲೋಕ ನಿಂತುಬಿಡುತ್ತದೆ, ಕಾವಲುಗಾರ ಹತ್ತಿರ ಬರುವ ಭಯವಿರುವುದಿಲ್ಲ. ಸೌದೆ ಒಡೆಯುವುದು, ಅದಿರು ಅಗೆಯುವುದು ಮುಂತಾದವು ಚಲಿಸುವ ಲೋಕದ ನಡುವೆಯೇ ನಡೆಯುತ್ತವೆ, ಆ ಹೊತ್ತಿಗೆ ಡ್ರ್ಯಾಗನ್ ಎರಗಿದರೂ ಎರಗಬಹುದು.

ಪ್ರಕಾರಗಳು

ಕಾರ್ಡ್ ಮತ್ತು ದಾಳದ ಆಟಗಳು. 'ದ ವಿಚರ್' ಸರಣಿಯ ಮೊದಲೆರಡು ಭಾಗಗಳಲ್ಲಿ ದಾಳದ ಪೋಕರ್ ಇತ್ತು: ಐದು ದಾಳ ಉರುಳಿಸಿ, ಬೇಕಾದವನ್ನು ಮತ್ತೆ ಉರುಳಿಸಿ, ಪೋಕರ್ ಮಾದರಿಯ ಜೋಡಣೆ ಕೂಡಿಸಬೇಕು. ಮೂರನೇ ಭಾಗದಲ್ಲಿ ಅದರ ಸ್ಥಾನಕ್ಕೆ ಗ್ವೆಂಟ್ ಬಂತು. 'ಫೈನಲ್ ಫ್ಯಾಂಟಸಿ 7 ರೀಬರ್ತ್' (2024) ಗೇಮ್‌ನ 'ಕ್ವೀನ್ಸ್ ಬ್ಲಡ್' 3 ಸಾಲು, 5 ಕಂಬಗಳ ಪಟದ ಮೇಲೆ 15 ಕಾರ್ಡ್‌ಗಳ ಕಟ್ಟಿನಿಂದ ಆಡುವಂಥದ್ದು. ಚೀನಾದ 'ಗೆನ್ಶಿನ್ ಇಂಪ್ಯಾಕ್ಟ್'ಗೆ 2022ರ ಡಿಸೆಂಬರ್‌ನಲ್ಲಿ ಸೇರಿದ ಕಾರ್ಡ್ ಆಟದಲ್ಲಿ ಕಾರ್ಡ್ ಮತ್ತು ದಾಳ ಎರಡೂ ಇವೆ. ಪ್ರತಿ ಸುತ್ತಿನಲ್ಲಿ 8 ದಾಳಗಳು ಉರುಳುತ್ತವೆ.

ದೇಹಬಲದ ಪಂದ್ಯಗಳು ಮತ್ತು ಓಟಗಳು. ಮುಷ್ಟಿಕಾಳಗ, ಪಂಜಾ ಕುಸ್ತಿ, ಕುದುರೆ ಪಂದ್ಯ, ಕುಡಿತದ ಸ್ಪರ್ಧೆ, ಬಿಲ್ಲುಗಾರಿಕೆ ಈ ಗುಂಪಿನವು. 'ದ ವಿಚರ್ 2'ರಲ್ಲಿ (2011) ಪಂಜಾ ಕುಸ್ತಿಯಿತ್ತು. 'ಫೇಬಲ್'ನ ಕೋಳಿ ಒದೆಯುವ ಸ್ಪರ್ಧೆ ಆ ಸರಣಿಯ ವಿನೋದದ ಗುರುತಾಯಿತು. 'ಹಾಗ್ವಾರ್ಟ್ಸ್ ಲೆಗಸಿ'ಯಲ್ಲಿ (2023) ಪೊರಕೆ ಓಟವಿದೆ, ಆದರೆ ಹ್ಯಾರಿ ಪಾಟರ್ ಲೋಕದ ಪ್ರಸಿದ್ಧ ಕ್ರೀಡೆ ಕ್ವಿಡಿಚ್ ಇಲ್ಲ. ಮುಖ್ಯೋಪಾಧ್ಯಾಯರು ಆ ವರ್ಷದ ಪಂದ್ಯಗಳನ್ನು ರದ್ದುಮಾಡಿದ್ದಾರೆ ಎಂಬ ಕಾರಣವನ್ನು ಕಥೆಯೊಳಗೇ ಕೊಡಲಾಗಿದೆ.

ಮೀನುಗಾರಿಕೆ. ಅತಿ ವ್ಯಾಪಕವಾಗಿ ಹರಡಿರುವ ಉಪಚಟುವಟಿಕೆಗಳಲ್ಲಿ ಇದೂ ಒಂದು. ಗಾಳ ಎಸೆಯುವುದು, ಮೀನು ಕಚ್ಚುವವರೆಗೆ ಕಾಯುವುದು, ದಾರ ತುಂಡಾಗದಂತೆ ಎಳೆಯುವುದು ಎಂಬ ಮೂರು ಹಂತಗಳು ಸ್ವಲ್ಪ ಬದಲಾವಣೆಯೊಂದಿಗೆ ಎಲ್ಲೆಡೆ ಕಾಣುತ್ತವೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಭಾನುವಾರದ ಮೀನು ಹಿಡಿಯುವ ಪಂದ್ಯ ಹಳೆಯ ಸಂಪ್ರದಾಯ. ಸ್ಕೈರಿಮ್‌ಗೆ ಮೀನುಗಾರಿಕೆ ಸೇರಿದ್ದು ಗೇಮ್ ಹೊರಬಂದು ಹತ್ತು ವರ್ಷವಾದ ಮೇಲೆ, 2021ರ ನವೆಂಬರ್‌ನ ವಾರ್ಷಿಕೋತ್ಸವ ಆವೃತ್ತಿಯೊಂದಿಗೆ.

ಕಸುಬುಗಳು. ಕಮ್ಮಾರಿಕೆ, ರಸವಿದ್ಯೆ, ಅಡುಗೆ, ಗಣಿಗಾರಿಕೆ ಇಲ್ಲಿ ಸೇರುತ್ತವೆ. 'ಫೇಬಲ್ 2'ರಲ್ಲಿ (2008) ಕಮ್ಮಾರಿಕೆಯಂಥ ಕೆಲಸಗಳು ಸಮಯಕ್ಕೆ ಸರಿಯಾಗಿ ಗುಂಡಿ ಒತ್ತುವ ಮಿನಿ ಗೇಮ್‌ಗಳು; ತಪ್ಪಿಲ್ಲದೆ ಹೊಡೆದಷ್ಟೂ ಕೂಲಿ ಏರುತ್ತದೆ. ಸ್ಕೈರಿಮ್‌ನಲ್ಲಿ ಸಾಮಗ್ರಿ ಇದ್ದರೆ ಸಾಕು, ವಸ್ತು ತಯಾರಾಗುತ್ತದೆ. ಆರಂಭದಲ್ಲಿ ಅಗ್ಗದ ಕಬ್ಬಿಣದ ಕಠಾರಿಗಳನ್ನು ರಾಶಿಗಟ್ಟಲೆ ಬಡಿದು ಕಮ್ಮಾರಿಕೆಯ ಕೌಶಲ ಏರಿಸಿಕೊಳ್ಳುವುದು ಆಟಗಾರರ ರೂಢಿಯಾಗಿತ್ತು. 2012ರ ತಿದ್ದುಪಡಿಯೊಂದರ ಬಳಿಕ ತಯಾರಿಸಿದ ವಸ್ತುವಿನ ಬೆಲೆಗೆ ತಕ್ಕಂತೆ ಕೌಶಲ ಏರತೊಡಗಿತು. 'ಬ್ರೆತ್ ಆಫ್ ದ ವೈಲ್ಡ್' (2017) ಗೇಮ್‌ನಲ್ಲಿ ಒಂದು ಅಡುಗೆಗೆ 5 ಸಾಮಗ್ರಿಗಳವರೆಗೆ ಹಾಕಬಹುದು. ಚಳಿ ತಡೆಯುವ, ಬಲ ಹೆಚ್ಚಿಸುವ ಗುಣಗಳು ಅದರಿಂದಲೇ ಬರುತ್ತವೆ.

ಬೀಗ ಮತ್ತು ಮಾತಿನ ಆಟಗಳು. ಇವು ಪಾತ್ರದ ಕೌಶಲವನ್ನು ಆಟಗಾರನ ಕೈಚಳಕದೊಂದಿಗೆ ಬೆಸೆಯುವ ಪ್ರಯತ್ನಗಳು. ಆಬ್ಲಿವಿಯನ್‌ನಲ್ಲಿ ಬೀಗದೊಳಗಿನ ಕೀಲುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ, ತುದಿ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಬೇಕು. ಬೇಡವೆನ್ನುವವರಿಗೆ ಪಾತ್ರದ ಕೌಶಲದ ಮೇಲೆ ಭಾರ ಹಾಕುವ ಸ್ವಯಂಚಾಲಿತ ಪ್ರಯತ್ನದ ಗುಂಡಿಯಿದೆ. ಅದೇ ಗೇಮ್‌ನ ಮನವೊಲಿಕೆಯ ಚಕ್ರದಲ್ಲಿ ಹೊಗಳಿಕೆ, ತಮಾಷೆ, ಬಡಾಯಿ, ಬೆದರಿಕೆ ಎಂಬ ನಾಲ್ಕು ಭಾಗಗಳು. ಎದುರಿನವರ ಮುಖಭಾವ ನೋಡಿ ಅವರಿಗೆ ಹಿಡಿಸುವುದನ್ನು ದೊಡ್ಡ ಪಾಲಿನಲ್ಲೂ ಹಿಡಿಸದ್ದನ್ನು ಸಣ್ಣ ಪಾಲಿನಲ್ಲೂ ಮುಗಿಸಬೇಕು. ಅದೇ 'ಎಲ್ಡರ್ ಸ್ಕ್ರೋಲ್ಸ್' ಸರಣಿಯ ಸ್ಕೈರಿಮ್ ಈ ಚಕ್ರವನ್ನು ಕೈಬಿಟ್ಟು ಮನವೊಲಿಕೆಯನ್ನು ಸಂಭಾಷಣೆಯ ಆಯ್ಕೆಗಳಿಗೆ ಸೇರಿಸಿತು.

ಹುಡುಕಾಟ ಮತ್ತು ಸಂಗ್ರಹ. ಲೋಕದ ಮೂಲೆಮೂಲೆಗೆ ಆಟಗಾರನನ್ನು ಎಳೆದೊಯ್ಯುವುದು ಇವುಗಳ ಕೆಲಸ. 'ಬ್ರೆತ್ ಆಫ್ ದ ವೈಲ್ಡ್'ನಲ್ಲಿ 900 ಕೊರೊಕ್ ಬೀಜಗಳಿವೆ; ಅದರ ಮುಂದಿನ ಭಾಗ 'ಟಿಯರ್ಸ್ ಆಫ್ ದ ಕಿಂಗ್‌ಡಮ್'ನಲ್ಲಿ (2023) 1000. ಒಗಟು ಬಿಡಿಸಬೇಕಾದ ಗುಡಿಗಳು ಮೊದಲನೆಯದರ ಮೂಲ ಆವೃತ್ತಿಯಲ್ಲಿ 120, ಎರಡನೆಯದರಲ್ಲಿ 152. 'ಹಾಗ್ವಾರ್ಟ್ಸ್ ಲೆಗಸಿ'ಯಲ್ಲಿ ಮರ್ಲಿನ್ ಪರೀಕ್ಷೆಗಳೆಂಬ 95 ಕಿರು ಒಗಟುಗಳು ಹರಡಿಕೊಂಡಿವೆ.

ಮನೆ ಮತ್ತು ಸಂಸಾರ. ಸ್ಕೈರಿಮ್‌ಗೆ 2012ರಲ್ಲಿ ಸೇರಿದ 'ಹಾರ್ತ್‌ಫೈರ್' ವಿಸ್ತರಣೆ ಜಾಗ ಕೊಂಡು ಮನೆ ಕಟ್ಟುವ, ಮಕ್ಕಳನ್ನು ದತ್ತು ಪಡೆಯುವ ಅವಕಾಶ ಕೊಟ್ಟಿತು. 'ದ ವಿಚರ್ 3'ರ 'ಬ್ಲಡ್ ಆ್ಯಂಡ್ ವೈನ್' (2016) ವಿಸ್ತರಣೆಯಲ್ಲಿ ನಾಯಕ ಗೆರಾಲ್ಟ್‌ಗೆ ದ್ರಾಕ್ಷಿತೋಟವೊಂದು ದೊರೆಯುತ್ತದೆ. ಅಲ್ಲಿನ ಮನೆಯನ್ನು ದುಡ್ಡು ಹಾಕಿ ದುರಸ್ತಿ ಮಾಡಿಸಿಕೊಳ್ಳಬಹುದು.

ಗ್ವೆಂಟ್

ಗ್ವೆಂಟ್‌ನ ಬೀಜ ಪೋಲೆಂಡಿನ ಲೇಖಕ ಆಂಜೆ ಸಪ್ಕೋವ್‌ಸ್ಕಿಯ 'ವಿಚರ್' ಕಾದಂಬರಿಯಲ್ಲಿ ಕುಳ್ಳರು ಆಡುವ ಒಂದು ಇಸ್ಪೀಟು ಆಟ. 'ದ ವಿಚರ್ 3' ತಯಾರಿಸಿದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ಡೇಮಿಯನ್ ಮೊನಿಯೆ ಮತ್ತು ರಫಾಲ್ ಯಾಕಿ ಹೆಸರನ್ನು ಉಳಿಸಿಕೊಂಡು ಹೊಸದೇ ಆಟ ಕಟ್ಟಿದರು.

ಎದುರುಬದುರಾದ ಎರಡು ಸೈನ್ಯಗಳ ಕಾಳಗ ಇದರ ಕಲ್ಪನೆ. ಪ್ರತಿ ಬದಿಗೆ ಮೂರು ಸಾಲು: ಹತ್ತಿರದಿಂದ ಕಾದುವವರು, ದೂರದಿಂದ ಹೊಡೆಯುವವರು, ಕೋಟೆ ಒಡೆಯುವ ಯಂತ್ರಗಳು. ಕಟ್ಟಿನಲ್ಲಿ ಕನಿಷ್ಠ 22 ಸೈನಿಕ ಕಾರ್ಡ್ ಇರಬೇಕು. ಆರಂಭದಲ್ಲಿ 10 ಕಾರ್ಡ್ ಸಿಗುತ್ತವೆ, ಅವುಗಳಲ್ಲಿ ಎರಡನ್ನು ಬದಲಿಸಿಕೊಳ್ಳಬಹುದು. ಮೂರು ಸುತ್ತುಗಳಲ್ಲಿ ಎರಡು ಗೆದ್ದವರಿಗೆ ಜಯ. ಸುತ್ತಿನಿಂದ ಸುತ್ತಿಗೆ ಸಾಮಾನ್ಯವಾಗಿ ಹೊಸ ಕಾರ್ಡ್ ಸಿಗುವುದಿಲ್ಲವಾದ್ದರಿಂದ, ಕೈಯಲ್ಲಿರುವುದನ್ನು ಮೂರು ಸುತ್ತಿಗೂ ಹಂಚಿಕೊಳ್ಳಬೇಕು. ಎದುರಾಳಿ ಎಲ್ಲ ಕಾರ್ಡ್ ಸುರಿಯುವಂತೆ ಮಾಡಿ ಒಂದು ಸುತ್ತನ್ನು ಬೇಕೆಂದೇ ಸೋಲುವುದೂ ತಂತ್ರವೇ. ಹಿಮ, ಮಂಜು, ಮಳೆಯ ಕಾರ್ಡ್‌ಗಳು ಒಂದೊಂದು ಸಾಲಿನ ಸಾಮಾನ್ಯ ಸೈನಿಕರ ಬಲವನ್ನು 1ಕ್ಕೆ ಇಳಿಸುತ್ತವೆ. ಮೂಲದಲ್ಲಿ ನಾಲ್ಕು ಪಕ್ಷಗಳಿದ್ದು, ಪ್ರತಿಯೊಂದಕ್ಕೂ ಒಂದು ವಿಶೇಷ ಗುಣವಿದೆ: ನಿಲ್ಫ್‌ಗಾರ್ಡ್ ಪಕ್ಷ ಸಮಬಲವಾದ ಸುತ್ತನ್ನು ಗೆಲ್ಲುತ್ತದೆ, ರಾಕ್ಷಸರ ಪಕ್ಷಕ್ಕೆ ಸುತ್ತು ಮುಗಿದ ಮೇಲೂ ಒಬ್ಬ ಸೈನಿಕ ಕಣದಲ್ಲಿ ಉಳಿಯುತ್ತಾನೆ. ಸ್ಕೆಲ್ಲಿಗೆ ಎಂಬ ಐದನೇ ಪಕ್ಷ 'ಬ್ಲಡ್ ಆ್ಯಂಡ್ ವೈನ್'ನೊಂದಿಗೆ ಸೇರಿತು.

ಕಾರ್ಡ್‌ಗಳು ವ್ಯಾಪಾರಿಗಳಲ್ಲಿ, ಪಾನಗೃಹಗಳಲ್ಲಿ, ಕಥೆಯ ಪಾತ್ರಗಳ ಬಳಿ ಹರಡಿಕೊಂಡಿವೆ. ಕೆಲವು ಸಂದರ್ಭ ತಪ್ಪಿದರೆ ಮತ್ತೆ ಸಿಗುತ್ತಿರಲಿಲ್ಲ. ಯಾವ ಕಾರ್ಡ್ ಬಾಕಿಯಿದೆ, ಎಲ್ಲಿ ಸಿಗುತ್ತದೆ ಎಂದು ತೋರಿಸುವ ಪುಸ್ತಕವೊಂದನ್ನು ನಂತರದ ಅಪ್‌ಡೇಟ್‌ನಲ್ಲಿ ಗೇಮ್‌ನೊಳಗೆ ಸೇರಿಸಲಾಯಿತು. ವಿಸ್ತರಣೆಗಳ ಕೆಲವು ಆವೃತ್ತಿಗಳೊಂದಿಗೆ ನಿಜವಾದ ಕಾರ್ಡ್ ಕಟ್ಟುಗಳೂ ಬಂದವು. ಸ್ವತಂತ್ರ ಆನ್‌ಲೈನ್ ಗ್ವೆಂಟ್ ಅನ್ನು 2016ರಲ್ಲಿ ಘೋಷಿಸಿ, 2018ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್‌ಗಳಿಗೆ ಪೂರ್ಣರೂಪದಲ್ಲಿ ಬಿಡುಗಡೆ ಮಾಡಲಾಯಿತು. ಅದೇ ಹೊತ್ತಿಗೆ ಗ್ವೆಂಟ್ ಕಾಳಗಗಳ ಮೂಲಕವೇ ಕಥೆ ಹೇಳುವ 'ಥ್ರೋನ್‌ಬ್ರೇಕರ್' ಹೊರಬಂತು. 2023ರ ಬಳಿಕ ಹೊಸ ಕಾರ್ಡ್‌ಗಳ ತಯಾರಿಕೆ ನಿಂತು, ಇರುವ ಕಾರ್ಡ್‌ಗಳ ಬಲಾಬಲ ಬದಲಿಸುವ ನಿರ್ಧಾರ ಆಟಗಾರರ ಮತಕ್ಕೆ ಒಪ್ಪಿಸಲ್ಪಟ್ಟಿತು.

ಉಪಯೋಗಗಳು

ವಿನ್ಯಾಸಕಾರರು ಇವನ್ನು ಹಲವು ಉದ್ದೇಶಗಳಿಗೆ ಬಳಸುತ್ತಾರೆ. ಮೊದಲನೆಯದು ಲಯ: ದೀರ್ಘ ಕಾಳಗಗಳ ನಡುವೆ ಬಿಡುವು. ಎರಡನೆಯದು ಲೋಕದ ನಂಬಲರ್ಹತೆ. ಕಥೆಯ ಜನರೂ ಬಿಡುವಿನಲ್ಲಿ ಆಡುತ್ತಾರೆ, ದುಡಿಯುತ್ತಾರೆ, ಜೂಜಿಗೆ ಕೂರುತ್ತಾರೆ ಎಂದಾಗ ಊರಿಗೆ ಜೀವ ಬರುತ್ತದೆ. ಮೂರನೆಯದು ಆಟದೊಳಗಿನ ಅರ್ಥವ್ಯವಸ್ಥೆ: ಕಸುಬುಗಳು ಹಣ ತರುತ್ತವೆ, ಮನೆ ಮತ್ತು ಜೂಜು ಅದನ್ನು ಖರ್ಚು ಮಾಡಿಸುತ್ತವೆ.

ಪಾತ್ರಚಿತ್ರಣಕ್ಕೂ ಇವು ನೆರವಾಗುತ್ತವೆ. 'ಫೈನಲ್ ಫ್ಯಾಂಟಸಿ 15'ರಲ್ಲಿ (2016) ನಾಲ್ವರು ಗೆಳೆಯರಿಗೂ ಒಂದೊಂದು ಹವ್ಯಾಸವಿದೆ. ನಾಕ್ಟಿಸ್ ಮೀನು ಹಿಡಿಯುತ್ತಾನೆ, ಇಗ್ನಿಸ್ ಅಡುಗೆ ಮಾಡುತ್ತಾನೆ, ಪ್ರಾಂಪ್ಟೊ ಫೋಟೊ ತೆಗೆಯುತ್ತಾನೆ, ಗ್ಲಾಡಿಯೊಲಸ್ ಕಾಡಿನಲ್ಲಿ ಬದುಕುವ ವಿದ್ಯೆ ಬಲ್ಲ. ದಿನದ ಕೊನೆಗೆ ಬಿಡಾರದಲ್ಲಿ ಇಗ್ನಿಸ್‌ನ ಅಡುಗೆ ಮರುದಿನದ ಕಾಳಗಕ್ಕೆ ಬಲ ಕೊಡುತ್ತದೆ, ಪ್ರಾಂಪ್ಟೊ ತೆಗೆದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ.

ಮಾರಾಟದ ಸಾಧನವಾಗಿಯೂ ಮಿನಿ ಗೇಮ್ ಬಳಕೆಯಾಗಿದೆ. 'ಫೇಬಲ್ 2' ಬರುವ ಎರಡು ತಿಂಗಳ ಮೊದಲು, 2008ರ ಆಗಸ್ಟ್‌ನಲ್ಲಿ, ಅದರ ಪಾನಗೃಹದ ಜೂಜಾಟಗಳನ್ನು ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್‌ನಲ್ಲಿ ಪ್ರತ್ಯೇಕವಾಗಿ ಬಿಡುಗಡೆ ಮಾಡಲಾಯಿತು. ಅಲ್ಲಿ ಗೆದ್ದ ಚಿನ್ನವನ್ನು ಮುಂದೆ ಮುಖ್ಯ ಗೇಮ್‌ಗೆ ಒಯ್ಯಬಹುದಿತ್ತು.

ಟೀಕೆಗಳು

ಸಂಖ್ಯೆ ಹೆಚ್ಚಿಸಿ ಆಟದ ಅವಧಿ ಹಿಗ್ಗಿಸುವುದು ಮುಖ್ಯ ಆಕ್ಷೇಪ. 'ದ ವಿಚರ್ 3'ರ ಸ್ಕೆಲ್ಲಿಗೆ ದ್ವೀಪಗಳ ಸುತ್ತಲಿನ ಸಮುದ್ರದಲ್ಲಿ ತೇಲುವ ಕಳ್ಳಸಾಗಣೆ ಸರಕಿನ ತಾಣಗಳು ಒಂದರಂತೆ ಒಂದಿರುವುದು ಇದಕ್ಕೆ ಮತ್ತೆಮತ್ತೆ ಕೊಡುವ ಉದಾಹರಣೆ. 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' (2014) ಗೇಮ್‌ನ ಮೊದಲ ದೊಡ್ಡ ಪ್ರದೇಶ ಹಿಂಟರ್‌ಲ್ಯಾಂಡ್ಸ್‌ನಲ್ಲಿ ಚಿಕ್ಕಪುಟ್ಟ ಕೆಲಸಗಳು ಎಷ್ಟಿದ್ದವೆಂದರೆ, ಅಲ್ಲಿಂದ ಬೇಗ ಹೊರಡಿ ಎಂಬುದು ಹೊಸ ಆಟಗಾರರಿಗೆ ಸಿಗುವ ಮೊದಲ ಸಲಹೆಯಾಯಿತು. 'ಬ್ರೆತ್ ಆಫ್ ದ ವೈಲ್ಡ್'ನ ಕೊರೊಕ್ ಬೀಜಗಳ ವಿಷಯದಲ್ಲಿ ನಾಯಕನ ಚೀಲವನ್ನು ಪೂರ್ತಿ ಹಿಗ್ಗಿಸಲು 441 ಸಾಕು. 900ನ್ನೂ ಕೂಡಿಸಿದವರಿಗೆ ಸಿಗುವುದು ಹಾಸ್ಯದ ಉಡುಗೊರೆ ಮಾತ್ರ.

ಪ್ರತಿಫಲವನ್ನು ತೀರ ಕಷ್ಟದ ಕೆಲಸಕ್ಕೆ ಕಟ್ಟಿಹಾಕುವುದು ಎರಡನೆಯ ಆಕ್ಷೇಪ. 'ಫೈನಲ್ ಫ್ಯಾಂಟಸಿ 10'ರಲ್ಲಿ ಲುಲು ಎಂಬ ಪಾತ್ರದ ಆಯುಧವನ್ನು ಪೂರ್ಣಬಲಕ್ಕೆ ತರಲು ಸತತ 200 ಸಿಡಿಲುಗಳನ್ನು ತಪ್ಪಿಸಿಕೊಳ್ಳಬೇಕು. ನಡುವೆ ಒಂದು ತಾಗಿದರೂ ಎಣಿಕೆ ಮೊದಲಿಂದ ಶುರು.

ಮೂರನೆಯದು ಕಥೆಯೊಂದಿಗಿನ ವಿರಸ. ಗೆರಾಲ್ಟ್ ಮಗಳ ಸಮಾನಳಾದ ಸಿರಿಯನ್ನು ಹುಡುಕುವ ಧಾವಂತದಲ್ಲಿದ್ದಾನೆ ಎಂದು ಕಥೆ ಹೇಳುತ್ತದೆ. ಆಟಗಾರ ಅವನನ್ನು ಎಷ್ಟು ಹೊತ್ತು ಬೇಕಾದರೂ ಕಾರ್ಡ್ ಮೇಜಿನ ಮುಂದೆ ಕೂರಿಸಬಹುದು. ಕಥೆಯ ಮಾತು ಮತ್ತು ಆಟದ ನಡೆಯ ನಡುವಿನ ಇಂಥ ಬಿರುಕಿಗೆ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ 2007ರಲ್ಲಿ 'ಬಯೋಶಾಕ್' ಕುರಿತು ಬರೆಯುತ್ತ ಬಳಸಿದ 'ಲುಡೊನರೇಟಿವ್ ಡಿಸೊನೆನ್ಸ್' ಎಂಬ ಹೆಸರು ನಿಂತಿದೆ.

ಇಂದಿನ ಸ್ಥಿತಿ

2020ರ ದಶಕದಲ್ಲಿ ಎರಡು ವಿರುದ್ಧ ದಾರಿಗಳು ಒಟ್ಟೊಟ್ಟಿಗೆ ಸಾಗುತ್ತಿವೆ. 'ಫೈನಲ್ ಫ್ಯಾಂಟಸಿ 7 ರೀಬರ್ತ್' ಪಿಯಾನೊ ನುಡಿಸುವುದರಿಂದ ಹಿಡಿದು ಚೊಕೊಬೊ ಓಟದವರೆಗೆ ಮಿನಿ ಗೇಮ್‌ಗಳನ್ನು ತುಂಬಿಕೊಂಡು ಬಂತು. ಆ ವೈವಿಧ್ಯವನ್ನು ಮೆಚ್ಚಿದವರೂ, ಅತಿಯಾಯಿತು ಎಂದವರೂ ಇದ್ದಾರೆ. 2022ರ 'ಎಲ್ಡನ್ ರಿಂಗ್' ಮಿನಿ ಗೇಮ್‌ಗಳನ್ನೇ ಕೈಬಿಟ್ಟಿತು. ಮಾಡಬೇಕಾದ ಕೆಲಸಗಳ ಪಟ್ಟಿ ಕೊಡದೆ, ಲೋಕವನ್ನು ನೋಡುತ್ತ ಹೋಗುವುದನ್ನೇ ಅದು ಉಪಚಟುವಟಿಕೆಯಾಗಿಸಿತು.

ಗೆನ್ಶಿನ್ ಇಂಪ್ಯಾಕ್ಟ್‌ನಂಥ, ವರ್ಷಗಟ್ಟಲೆ ಬೆಳೆಯುವ ಆನ್‌ಲೈನ್ ಗೇಮ್‌ಗಳು ಮಿನಿ ಗೇಮ್‌ಗಳನ್ನು ಕಂತುಕಂತಾಗಿ ಸೇರಿಸುತ್ತವೆ. 2020ರಲ್ಲಿ ಹೊರಬಂದ ಆ ಗೇಮ್‌ಗೆ ಮನೆ ಕಟ್ಟುವ ವ್ಯವಸ್ಥೆ ಮತ್ತು ಮೀನುಗಾರಿಕೆ ಎರಡೂ 2021ರಲ್ಲಿ ಬಂದವು. 'ಫೈನಲ್ ಫ್ಯಾಂಟಸಿ 14' ಆನ್‌ಲೈನ್ ಗೇಮ್‌ನಲ್ಲಿ 2015ರಿಂದ ಗೋಲ್ಡ್ ಸಾಸರ್ ಮತ್ತು ಟ್ರಿಪಲ್ ಟ್ರಯಾಡ್ ಮರುಹುಟ್ಟು ಪಡೆದಿದ್ದು, 2019ರಲ್ಲಿ ಮಹಜಾಂಗ್ ಕೂಡ ಸೇರಿತು. ಕಂಪ್ಯೂಟರ್ ಆವೃತ್ತಿಗಳಲ್ಲಿ ಆಟಗಾರರೇ ತಯಾರಿಸುವ ಮಾಡ್‌ಗಳು ಬೇಡದ ಮಿನಿ ಗೇಮ್ ತೆಗೆದುಹಾಕಲೂ ಹೊಸದನ್ನು ಸೇರಿಸಲೂ ಬಳಕೆಯಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಮರುಬಿಡುಗಡೆಯಾದ ಆಬ್ಲಿವಿಯನ್, 2006ರ ಬೀಗದ ಆಟವನ್ನೂ ಮನವೊಲಿಕೆಯ ಚಕ್ರವನ್ನೂ ಉಳಿಸಿಕೊಂಡಿದೆ.